ಜಗಲಿಯ ಕಾಫಿಗೆ ಹತ್ತು ರೂಪಾಯಿ

ನಮ್ಮ ಕಡೆ ಯಾರ ಮೇಲೆ ಎಷ್ಟೇ ಸಿಟ್ಟಿರಲಿ, ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವ ಪದ್ಧತಿಯಿಲ್ಲ. ಬೇಲಿ ಜಗಳಕ್ಕೆಂದೇ ಬಂದ ಪಕ್ಕದ ತೋಟದವರೂ ಮೊದಲು ಲೋಟ ಖಾಲಿ ಮಾಡಿ ಆಮೇಲೆ ಬಾಯಿ ತೆರೆಯುತ್ತಾರೆ. ಮೂಡಿಗೆರೆಯಲ್ಲಿ ಪೈಪು, ಸ್ಪ್ರೇಯರು ಮಾರುವ ನನ್ನ ಅಂಗಡಿ ಅರ್ಧ ನಡೆಯುವುದೇ ಗಿರಾಕಿಗಳಿಗೆ ಕೊಡುವ ಕಾಫಿಯಿಂದ. ಇಷ್ಟೆಲ್ಲ ಗೊತ್ತಿದ್ದೂ ನಾನು ಕಾಫಿಗೆ ಬೆಲೆ ಕಟ್ಟಲು ಹೋದೆ. ವಿನಾಶಕಾಲೇ ವಿಪರೀತ ಬುದ್ಧಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಊರಿನ ನಾಲ್ಕು ಜನ ಸೇರಿ ನಡೆಸುವ ಪುಟ್ಟ ಆರೋಗ್ಯ ಸಂಸ್ಥೆಗೆ ನಾನು ಕಾರ್ಯದರ್ಶಿ. ಸಂಬಳವಿಲ್ಲದ ಹುದ್ದೆಯಾದ್ದರಿಂದ ಪೈಪೋಟಿ ಇರಲಿಲ್ಲ. ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ, ತೋಟದ ಕೆಲಸದವರಿಗೆ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ಖರ್ಚನ್ನೆಲ್ಲ ದೂರದ ದಾನಿಗಳು ನೋಡಿಕೊಳ್ಳುತ್ತಿದ್ದರು. ಒಂದು ದಿನ ಅವರು, ಇನ್ನು ನೀವು ಸ್ವಾವಲಂಬಿಗಳಾಗಬೇಕೆಂದು ಬಹಳ ಪ್ರೀತಿಯಿಂದ ತಿಳಿಸಿ ಕೈಬಿಟ್ಟರು. ಆಗುವುದು ಹೇಗೆಂದು ಹೇಳಿಕೊಡಲು ಸಲಹೆಗಾರರೊಬ್ಬರನ್ನೂ ಕಳಿಸಿದರು. ಅವರು ನಮ್ಮ ಕಾಫಿಯನ್ನೇ ಎರಡು ಲೋಟ ಕುಡಿದು, ಪುಕ್ಕಟೆ ಸಿಕ್ಕಿದ್ದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂದರು. ಮಾತ್ರೆಗೆ ಸಣ್ಣ ಶುಲ್ಕವಿಟ್ಟೆವು. ಜನ ಗೊಣಗದೆ ಕೊಟ್ಟರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಜಗಲಿಯಲ್ಲಿ ಕಾಯುವವರಿಗೆ ನರ್ಸ್ ಲಲಿತಮ್ಮ ಕೊಡುತ್ತಿದ್ದ ಕಾಫಿಗೂ ಹತ್ತು ರೂಪಾಯಿ ಎಂದು ಬೋರ್ಡು ಬರೆಸಿ ಹಾಕಿದೆ.

ಸುದ್ದಿ ಕೇಳಿದ ನನ್ನ ಹೆಂಡತಿ, "ಪೈಪ್ ತಗಳ್ಳೋರಿಗೆ ಕಾಫಿ ಪುಕ್ಸಟ್ಟೆ, ಕಾಯ್ಲೆ ಬಿದ್ದೋರಿಗೆ ದುಡ್ಡಿಗಾ? ಇದ್ಯಾವ ನ್ಯಾಯ ಮಾರಾಯ್ರೆ?" ಎಂದಳು. ನಿನಗೆ ಆಡಳಿತ ತಿಳಿಯುವುದಿಲ್ಲ ಎಂದೆ.

ಮುಂದಿನ ವಾರದಿಂದ ಜಗಲಿಯಲ್ಲಿ ಯಾರೂ ಕಾಫಿ ಮುಟ್ಟಲಿಲ್ಲ. ಅದೇ ಜನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದುಡ್ಡು ಕೊಟ್ಟು ಕುಡಿಯುತ್ತಿದ್ದರು. ಹೋಟೆಲಿನವನು ದುಡ್ಡು ಕೇಳುವುದು ಸರಿ, ಮನೆಯವರು ಕೇಳಿದರೆ ಹೇಗೆ? ಬಂದರು, ಮಾತ್ರೆ ತೆಗೆದುಕೊಂಡರು, ಜೀಪು ಹತ್ತಿ ಹೋದರು. ಡಾಕ್ಟರ ಕೆಲಸ ಊಟದ ಹೊತ್ತಿಗೆ ಮುಗಿಯತೊಡಗಿತು. ಎಷ್ಟು ಚುರುಕಾಗಿದೆ ನೋಡಿ ಎಂದು ನಾನು ಬೀಗಿದೆ.

ಲಲಿತಮ್ಮನ ಮುಖ ಮಾತ್ರ ಸಪ್ಪಗಿತ್ತು. "ಡಾಕ್ಟ್ರ ಮುಂದೆ ಎಲ್ರೂ ಚೆನ್ನಾಗಿದೀನಿ ಅಂತಾರೆ ಸರ್. ನಿಜ ಬಾಯಿಗೆ ಬರೋದು ಇಲ್ಲಿ ಲೋಟ ಹಿಡ್ಕಂಡು ಕೂತಾಗ" ಎಂದರು. ನಾನು ನಕ್ಕುಬಿಟ್ಟೆ.

ಜಾವಳಿಯಿಂದ ಬರುತ್ತಿದ್ದ ಸೀತಕ್ಕನ ಬಿಪಿ ಮಾತ್ರೆಯ ಕಥೆ ಹಿಂದೊಮ್ಮೆ ಹೊರಬಿದ್ದಿದ್ದು ಹಾಗೆ ಕೂತಾಗಲೇ. ಗಂಡನಿಗೂ ಬಿಪಿ, ಆದರೆ ಅವನು ಆಸ್ಪತ್ರೆ ಮೆಟ್ಟಿಲು ಹತ್ತುವವನಲ್ಲ. ಈಕೆ ತನ್ನ ಮಾತ್ರೆಯನ್ನೇ ಮುರಿದು ಅರ್ಧ ಅವನಿಗೆ ಕೊಡುತ್ತಿದ್ದರು. ಲಲಿತಮ್ಮ ಬೈದು ಬಿಡಿಸಿದ್ದರು. ಬೋರ್ಡು ಬಂದ ಮೇಲೆ ಸೀತಕ್ಕ ಕೂರಲಿಲ್ಲ, ಯಾರೂ ಕೇಳಲಿಲ್ಲ, ಮಾತ್ರೆ ಮತ್ತೆ ಎರಡು ಪಾಲಾಯಿತು. ಕಾಫಿ ಕೊಯ್ಲಿನ ನಡುವೆ ಒಂದು ಬೆಳಿಗ್ಗೆ ಆಕೆಯ ಬಲಗೈ ಬಿದ್ದುಹೋಯಿತು. ಲಕ್ವ ಎಂದರು ಡಾಕ್ಟರು.

ಬೋರ್ಡು ಅಂದೇ ಕಿತ್ತೆ. ಜಗಲಿಯಲ್ಲಿ ಮತ್ತೆ ಜನ ಕೂರುತ್ತಾರೆ. ಶುಲ್ಕದಲ್ಲೇ ಸಂಸ್ಥೆ ಹೇಗೋ ನಡೆಯುತ್ತಿದೆ. ಆ ಕೈ ಮಾತ್ರ ಏಳಲಿಲ್ಲ.

ನೋಡಲು ಹೋದಾಗ ಸೀತಕ್ಕ ಸೊಸೆಯನ್ನು ಕರೆದು ಮೊದಲು ಕಾಫಿ ತರಿಸಿದರು. ಎಡಗೈಯಲ್ಲಿ ಲೋಟವನ್ನು ನನ್ನತ್ತ ಸರಿಸಿ, ತೊದಲುತ್ತ ಕೇಳಿದರು: "ಸಾವ್ಕಾರ್ರೆ, ಸಂಸ್ಥೆ ಕಷ್ಟ ಎಲ್ಲ ಕಳೀತಾ?"

ಕಳೆಯಿತು ಎಂದೆ. ಪೂರ್ತಿ ಕುಡಿದೆ, ಒಂದು ಗುಟುಕೂ ಬಿಡುವ ಧೈರ್ಯವಾಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಕಾಫಿ ಮಾಡಲಾ ಎಂದಳು. ಸೀತಕ್ಕನ ಮನೆಯಲ್ಲಿ ಕುಡಿದು ಬಂದೆ ಎಂದೆ.

"ಎಷ್ಟು ತಗಂಡ್ರು?" ಎಂದಳು.

ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು, ಅವಳು ಒಳಗೆ ಹೋಗುವ ತನಕ ನೀರು ಹುಯ್ದುಕೊಳ್ಳುತ್ತಲೇ ನಿಂತಿದ್ದೆ.