ಸೊಸೆಯ ಮೊಡವೆ, ಅತ್ತೆಯ ಮರ್ಯಾದೆ

ಮದುವೆಯಾದ ಹುಡುಗಿಯ ಮುಖ ಅವಳದಲ್ಲ, ಅವಳ ಅತ್ತೆಯದು. ಇದನ್ನು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಬರೆಯುವ ಅಗತ್ಯವೂ ಇಲ್ಲ. ಸೊಸೆಯ ಕೆನ್ನೆ ತುಂಬಿಕೊಂಡಿದ್ದರೆ ಅತ್ತೆ ಪಾಸು, ಕಣ್ಣಿನ ಕೆಳಗೆ ಕಪ್ಪಾಗಿದ್ದರೆ ಅತ್ತೆ ಫೇಲು. ಸೊಸೆ ಬಸುರಿಯಾದಳೆಂದರೆ ಪರೀಕ್ಷೆ ಇನ್ನೂ ಬಿಗಿ. ನಾನು ಬಸುರಿಯಾಗಿದ್ದಾಗ ತವರೂರು ಹರವೆಯಿಂದ ನನ್ನನ್ನು ನೋಡಲು ಬಂದ ನಮ್ಮವ್ವ ಜಗಲಿ ಹತ್ತುವ ಮೊದಲೇ, ‘ಅಯ್ಯೋ, ಏನವ್ವಾ ಇಂಗೆ ಸೊರಗೋಗಿದ್ದೀಯ!’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಆ ಒಂದು ಮಾತನ್ನು ನಮ್ಮತ್ತೆ ಸಾಯುವತನಕ ಮರೆಯಲಿಲ್ಲ. ನನಗೆ ಊಟಕ್ಕಿಟ್ಟಾಗಲೆಲ್ಲ, ‘ಇನ್ನೊಂದು ತುತ್ತು ತಿನ್ನವ್ವ, ಆಮೇಲೆ ನಿಮ್ಮವ್ವ ಬಂದು ಬೀದೀಲಿ ಸಾರ್ಬುಟ್ಟಾಳು’ ಎನ್ನುತ್ತಿದ್ದರು. ಆಗ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ನಾನೇ ಅತ್ತೆಯಾಗಿದ್ದೇನೆ. ಸಿಟ್ಟೆಲ್ಲ ಇಳಿದು ಅವರ ಫೋಟೋಗೆ ದಿನಾ ಒಂದು ಹೂವು ಹೆಚ್ಚಿಗೆ ಇಡುತ್ತಿದ್ದೇನೆ.

ನನ್ನ ಸೊಸೆ ಚೈತ್ರ ಗುಂಡ್ಲುಪೇಟೆಯ ಹುಡುಗಿ. ಸಂತೆಮರಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದಾಳೆ, ಚಾಮರಾಜನಗರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳು ಬಸುರಿ ಎಂದು ತಿಳಿದ ದಿನದಿಂದ ನಾನು ಚಿಂತೆಗೆ ಕೂತೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇದ್ದರೆ ಅವರ ಆರೋಗ್ಯದ ಬಗ್ಗೆಯೂ ನನಗೆ ಚಿಂತೆ. ಬಸ್ಸಿನ ಕುಲುಕಾಟ, ಶಾಲೆಯ ಮೆಟ್ಟಿಲು, ಪಪ್ಪಾಯಿ, ಗ್ರಹಣ ಎಲ್ಲದರ ಬಗ್ಗೆಯೂ ಮುಂಚಿತವಾಗಿಯೇ ಚಿಂತಿಸಿ ಮುಗಿಸಿದ್ದೆ. ಆದರೆ ನನ್ನ ಕಣ್ಣು ತಪ್ಪಿಸಿ ಬಂದದ್ದು ಮೊಡವೆ. ನಾಲ್ಕನೇ ತಿಂಗಳಲ್ಲಿ ಎರಡು ಕೆನ್ನೆ, ಗಲ್ಲ, ಹಣೆ ಎಲ್ಲ ಕಡೆಯೂ ಕೆಂಪಗೆ ಎದ್ದು ನಿಂತವು. ತರಗತಿಯಲ್ಲಿ ಒಂದು ಮಗು, ‘ಮಿಸ್, ನಿಮ್ಮನೇಲಿ ಸೊಳ್ಳೆ ಪರದೆ ಇಲ್ವಾ?’ ಎಂದು ಕೇಳಿತಂತೆ. ಚೈತ್ರ ನಗುತ್ತಲೇ ಹೇಳಿದಳು. ಹೇಳಿ ಮುಗಿಸಿ ಬಚ್ಚಲುಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಮ್ಮ ಯಜಮಾನರದು ಅರಿಶಿನದ ಮಂಡಿ. ಇದರಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಅರಿಶಿನದ ವ್ಯಾಪಾರಿಯ ಸೊಸೆಗೆ ಮೊಡವೆ ಎಂದರೆ ಊರಿನ ಗದ್ದೆಗಳಿಗೆಲ್ಲ ನೀರು ಬಿಡುವ ನೀರುಗಂಟಿಯ ಗದ್ದೆಯೇ ಒಣಗಿದ ಹಾಗೆ. ಪಕ್ಕದ ಮನೆಯ ಗೌರಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ, ‘ಮನೆ ತುಂಬ ಅರಿಶಿನ ಮಡೀಕಂಡು ಆ ಮಗೀಗೆ ಒಂದ್ ಕೊಂಬು ತೇಯ್ದು ಹಚ್ಚಾಕಾಗಲ್ವ?’ ಎಂದಳು. ಜೊತೆಗೇ, ಮೊಡವೆ ಬಂದಿರುವುದರಿಂದ ಹೆಣ್ಣು ಮಗು ಖಂಡಿತ, ಅದು ತಾಯಿಯ ಚೆಲುವನ್ನೆಲ್ಲ ಒಳಗೇ ಎಳೆದುಕೊಳ್ಳುತ್ತಿದೆ ಎಂದೂ ತೀರ್ಪು ಕೊಟ್ಟಳು. ಗೌರಮ್ಮನಿಗೆ ಮೂರೂ ಗಂಡು ಮಕ್ಕಳು. ಅವಳ ಚೆಲುವು ಎಲ್ಲಿಗೆ ಹೋಯಿತೆಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದೆ. ಯಜಮಾನರನ್ನು ಕೇಳಿದರೆ, ‘ನಾನು ಮಾರೋನು ಕಣೆ, ಹಚ್ಚೋನಲ್ಲ. ಡ್ರಮ್ಮಲ್ಲಿ ಪಾಲಿಷ್ ಮಾಡುವಾಗ ಅದರ ಮ್ಯಾಲೆ ಏನೇನ್ ಬಣ್ಣ ಬೀಳ್ತದೆ ಅಂತ ನಂಗೊತ್ತು. ಸುಮ್ನೆ ಡಾಕ್ಟ್ರತ್ರ ಕರ್ಕಂಡೋಗು’ ಎಂದು ಪೇಪರಿನ ಹಿಂದೆ ಮರೆಯಾದರು.

ಅಷ್ಟರಲ್ಲಿ ಚೈತ್ರಳೇ ಒಂದು ಉಪಾಯ ಮಾಡಿದ್ದಳು. ಮದುವೆಗೆ ಮುಂಚೆ ಅವಳು ಹಚ್ಚುತ್ತಿದ್ದ ಕ್ರೀಮಿನ ಹೆಸರು ಬಾಯಿಪಾಠವಾಗಿತ್ತಂತೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಿಂದ ಹೊಸ ಟ್ಯೂಬು ತಂದು ಎರಡು ರಾತ್ರಿ ಹಚ್ಚಿಯೂ ಆಗಿತ್ತು. ಮೂರನೆಯ ದಿನ ಆ ಡಬ್ಬಿ ನನ್ನ ಕೈಗೆ ಸಿಕ್ಕಿತು. ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು ನನ್ನ ಕೆಟ್ಟ ಚಾಳಿ. ಕಡಲೆಪುರಿ ಕಟ್ಟಿಕೊಟ್ಟ ಕಾಗದವನ್ನೂ ಬಿಡುವವಳಲ್ಲ. ಒಳಗಿದ್ದ ಚೀಟಿಯನ್ನು ಬಿಡಿಸಿದರೆ ಪಂಚೆಯಷ್ಟು ಉದ್ದ. ಭೂತಗನ್ನಡಿ ಹಿಡಿದು ಓದಿದೆ. ನಡುವೆ ಎಲ್ಲೋ ಇರುವೆಯ ಸಾಲಿನಂಥ ಅಕ್ಷರದಲ್ಲಿ ಗರ್ಭಿಣಿಯರು ಇದನ್ನು ಬಳಸಬಾರದು ಎಂದಿತ್ತು. ಚೀಟಿಯನ್ನು ಹಿಡಿದುಕೊಂಡೇ ಓಡಿದೆ. ಚೈತ್ರಳಿಗೆ ತೋರಿಸಿದೆ. ಅವಳು ಓದಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ‘ಅತ್ತೆ, ಎರಡು ದಿನ ಹಚ್ಬುಟ್ಟಿದೀನಲ್ಲ’ ಎಂದಳು. ಅಷ್ಟೇ. ಇಬ್ಬರೂ ಆಟೋ ಹತ್ತಿದೆವು.

ಲೇಡಿ ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿದರು. ಚರ್ಮದ ಮೂಲಕ ಒಳಗೆ ಹೋಗುವುದು ಬಹಳ ಕಡಿಮೆ, ಎರಡು ಸಲ ಹಚ್ಚಿದ್ದಕ್ಕೆ ಹೆದರುವುದು ಬೇಡ, ಆದರೆ ಹೆರಿಗೆಯಾಗುವತನಕ ಇದನ್ನು ಮತ್ತೆ ಮುಟ್ಟಬಾರದು ಎಂದರು. ಬಸುರಿಯರಿಗೆ ಆಗುವಂಥ ಬೇರೊಂದು ಕ್ರೀಮು, ಒಂದು ಮೆತ್ತನೆಯ ಫೇಸ್‌ವಾಶು, ಚರ್ಮ ಒಣಗದ ಹಾಗೆ ಹಚ್ಚಲು ವಾಸನೆಯೇ ಇಲ್ಲದ ಒಂದು ಸಾದಾ ಕ್ರೀಮು ಬರೆದುಕೊಟ್ಟರು. ‘ನಿಧಾನಕ್ಕೆ ಕಮ್ಮಿ ಆಗುತ್ತೆ, ಚಿವುಟಬೇಡಿ, ನೀವಾಗಿ ನೀವೇ ಯಾವ ಮಾತ್ರೇನೂ ತಗೋಬೇಡಿ’ ಎಂದರು. ಚೈತ್ರ ಔಷಧಿ ಚೀಟಿ ತೆಗೆದುಕೊಂಡು ಎದ್ದಳು. ನಾನು ಮಾತ್ರ ಕುರ್ಚಿ ಬಿಡಲಿಲ್ಲ. ನಿಂಬೆಹಣ್ಣು ಹಚ್ಚಬಹುದೇ, ಬೇವು ಆಗುತ್ತದೆಯೇ, ಕಡಲೆಹಿಟ್ಟಿನಿಂದ ಏನಾದರೂ ಅಪಾಯವೇ, ರಾತ್ರಿ ಎಡಮಗ್ಗುಲಿಗೆ ಮಲಗಿದರೆ ಎಡಗೆನ್ನೆಯ ಮೊಡವೆ ಹೆಚ್ಚಾಗುವುದೇ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, ‘ಅಮ್ಮಾ, ಬಿ.ಪಿ. ನಿಮಗೇ ನೋಡ್ಲಾ?’ ಎಂದರು.

ಹೊಸ ಕ್ರೀಮು ಡಾಕ್ಟರ ಮಾತಿನ ಹಾಗೆಯೇ ನಿಧಾನಸ್ಥ. ಇತ್ತ ಸೀಮಂತದ ದಿನ ಗೊತ್ತಾಗಿತ್ತು. ಗುಂಡ್ಲುಪೇಟೆಯಿಂದ ಬೀಗಿತ್ತಿ ಸುಂದರಮ್ಮ ತಮ್ಮ ಕಡೆಯ ಹೆಂಗಸರನ್ನೆಲ್ಲ ಕರೆದುಕೊಂಡು ಬರುವವರು, ಮಗಳನ್ನು ತವರಿಗೆ ಕರೆದೊಯ್ಯುವವರು. ಸುಂದರಮ್ಮ ಕೆಟ್ಟವರಲ್ಲ, ಆದರೆ ಚೆಂಡುಹೂವಿನ ಹೊಲದ ಈ ತುದಿಯಿಂದ ಆ ತುದಿಯ ಆಳನ್ನು ಕೂಗಿ ಕೂಗಿ ಬಲಿತ ಗಂಟಲು. ನಮ್ಮವ್ವನದು ಒಂದು ಬೀದಿಗೆ ಕೇಳಿಸಿದ್ದರೆ ಇವರದು ಊರಿಗೇ ಕೇಳಿಸುತ್ತದೆ. ಅವರು ವೀಡಿಯೋ ಕಾಲ್ ಮಾಡಿದಾಗಲೆಲ್ಲ ಚೈತ್ರ ಫೋನನ್ನು ಮೇಲ್ಮುಖವಾಗಿ ಹಿಡಿಯುತ್ತಿದ್ದಳು. ‘ಏನಮ್ಮಿ, ಯಾವಾಗ್ ನೋಡಿದ್ರೂ ಬರೀ ಫ್ಯಾನೇ ಕಾಣ್ತದಲ್ಲ, ನಿನ್ ಮೊಖ ಎಲ್ಲಮ್ಮಿ?’ ಎಂದು ಆ ಕಡೆಯಿಂದ ಕೂಗು. ‘ನೆಟ್‌ವರ್ಕ್ ಸರಿ ಇಲ್ಲ ಕಣಮ್ಮ’ ಎಂದು ಈ ಕಡೆಯಿಂದ ಉತ್ತರ. ಅತ್ತೆಯೇ ಮುಖ ತೋರಿಸಲು ಬಿಡುತ್ತಿಲ್ಲವೆಂದು ಅವರು ತಿಳಿದುಕೊಂಡರೆ ಗತಿ ಏನೆಂದು ನಾನು ಅಡುಗೆಮನೆಯಲ್ಲಿ ನಿಂತು ಬೆವರುತ್ತಿದ್ದೆ.

ಸೀಮಂತ ಹತ್ತಿರವಾದಾಗ ಒಂದು ಮಧ್ಯಾಹ್ನ ಚೈತ್ರ ಕನ್ನಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಆ ಹಳೆಯ ಟ್ಯೂಬು. ‘ಅತ್ತೆ, ಇದನ್ನ ಹಚ್ಚಿದ್ರೆ ಅವತ್ತಿನ ಹೊತ್ತಿಗೆ ಎಲ್ಲ ಹೋಗ್ಬುಡ್ತದೆ. ಒಂದೇ ಒಂದು ವಾರ. ಏನಾಯ್ತದೆ?’ ಎಂದಳು. ನಿಜ ಹೇಳುತ್ತೇನೆ, ಒಂದು ಕ್ಷಣ ನನ್ನ ಮನಸ್ಸೂ ಜಾರಿತು. ನುಣ್ಣನೆಯ ಕೆನ್ನೆಯ ಸೊಸೆ, ತೆಪ್ಪಗಾದ ಬೀಗಿತ್ತಿ, ಪಾಸಾದ ನಾನು ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಅವಳ ಹೊಟ್ಟೆ ಕಾಣಿಸಿತು. ‘ಬ್ಯಾಡ ಕಣ್ ಮಗ’ ಎಂದೆ. ‘ನಿಮ್ಮಮ್ಮ ಬೈದ್ರೆ ನಾನು ಬೈಸ್ಕೋತೀನಿ. ಬೈಗುಳ ತೊಳ್ಕಂಡ್ರೆ ಹೋಯ್ತದೆ.’ ಅವಳು ನನ್ನ ಮುಖವನ್ನೇ ನೋಡಿದಳು. ‘ಹಂಗಾದ್ರೆ ಇದನ್ನ ಬಿಸಾಕ್ಬುಡಿ ಅತ್ತೆ, ಕಣ್ಣಿಗೆ ಬಿದ್ರೆ ಆಸೆ ಆಯ್ತದೆ’ ಎಂದು ಟ್ಯೂಬನ್ನು ನನ್ನ ಕೈಗೆ ಕೊಟ್ಟಳು.

ಬಿಸಾಡುವುದು! ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾವುದನ್ನೂ ಬಿಸಾಡುವುದಿಲ್ಲ, ಏಕೆಂದರೆ ನಾನಿದ್ದೇನೆ. ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ನನ್ನ ಮಜ್ಜಿಗೆಯಲ್ಲಿ ಕರಗುತ್ತದೆ. ಮಗ ಅರ್ಧ ತಿಂದಿಟ್ಟ ದೋಸೆ, ಯಜಮಾನರು ಬೇಡವೆಂದ ತಳದ ಸಾರು, ಯಾರಿಗೋ ಕೆಮ್ಮು ಬಂದಾಗ ತಂದು ಕೆಮ್ಮು ನಿಂತಮೇಲೆ ಉಳಿದ ಸಿರಪ್ಪು, ಎಲ್ಲಕ್ಕೂ ಕೊನೆಯ ನಿಲ್ದಾಣ ನಾನೇ. ಸಿರಪ್ಪು ಕುಡಿಯಲೆಂದೇ ಒಂದೆರಡು ಸಲ ಕೆಮ್ಮಿದ್ದೂ ಉಂಟು. ನಮ್ಮ ಕಡೆಯ ತಾಯಂದಿರ ದೇಹವೆಲ್ಲ ಹೀಗೆ ಮಿಕ್ಕಿದ್ದರಿಂದಲೇ ಆಗಿರುವುದು. ಹಾಗಿರುವಾಗ, ದುಡ್ಡು ಕೊಟ್ಟು ತಂದ, ಇನ್ನೂ ಹೊಟ್ಟೆ ಉಬ್ಬಿಸಿಕೊಂಡಿರುವ ಟ್ಯೂಬನ್ನು ಕಸದ ಗಾಡಿಗೆ ಹಾಕಲು ಕೈ ಬರುತ್ತದೆಯೇ? ಮನೆಯಲ್ಲಿಟ್ಟರೆ ಸೊಸೆಗೆ ಆಸೆ. ಎಸೆದರೆ ನಷ್ಟ. ನಾನು ಬಸುರಿಯಲ್ಲ, ಆಗುವ ಕಾಲವೂ ಮುಗಿಯಿತು. ಗಲ್ಲದ ಮೇಲೆ, ಈ ವಯಸ್ಸಿನಲ್ಲಿ ನಾಚಿಕೆಯಿಲ್ಲದೆ ಎದ್ದ ಎರಡು ಮೊಡವೆಯೂ ನನಗಿದ್ದವು. ಮಿಕ್ಕಿದ ಅನ್ನ ಹೋಗುವ ದಾರಿಯಲ್ಲೇ ಮಿಕ್ಕಿದ ಕ್ರೀಮೂ ಹೋಯಿತು.

ಚೈತ್ರ ಅದನ್ನು ಕಡಲೆಕಾಳಿನಷ್ಟು ಹಚ್ಚುತ್ತಿದ್ದಳಂತೆ. ಅದು ನನಗೆ ಆಮೇಲೆ ತಿಳಿಯಿತು. ಮುಖಕ್ಕೆ ಹಚ್ಚುವುದೆಂದರೆ ನಾನು ಕಂಡಿರುವುದು ಅರಿಶಿನ ಒಂದೇ. ಅದೇ ಲೆಕ್ಕದಲ್ಲಿ ಕಿವಿಯಿಂದ ಕಿವಿಗೆ ಬಳಿದೆ. ಪಂಚೆಯಷ್ಟು ಉದ್ದದ ಚೀಟಿಯಲ್ಲಿ ಬಸುರಿಯ ಸಾಲು ಸಿಕ್ಕಿದ ಮೇಲೆ ಮುಂದಕ್ಕೆ ಓದಿರಲೇ ಇಲ್ಲ. ಬಿಸಿಲಿಗೆ ಹೋಗಬಾರದೆಂದು ಅದರಲ್ಲಿ ಇತ್ತಂತೆ. ನಾನು ಸೀಮಂತಕ್ಕೆಂದು ತಾರಸಿಯ ಮೇಲೆ ಸಂಡಿಗೆ ಇಟ್ಟು, ಕಾಗೆ ಓಡಿಸುತ್ತಾ ಮಧ್ಯಾಹ್ನವೆಲ್ಲ ಕೂತೆ. ಟ್ಯೂಬು ಖಾಲಿಯಾಗುವ ಹೊತ್ತಿಗೆ ಸಂಡಿಗೆಯೂ ಒಣಗಿತ್ತು, ನಾನೂ ಒಣಗಿದ್ದೆ. ಮುಖವೆಲ್ಲ ಕೆಂಪು, ಮುಟ್ಟಿದರೆ ಉರಿ, ನಕ್ಕರೆ ಸಿಪ್ಪೆ. ಯಜಮಾನರು ಪೇಪರನ್ನು ಮೊದಲ ಬಾರಿಗೆ ಪೂರ್ತಿ ಕೆಳಗಿಳಿಸಿ, ‘ಏನೆ ಇದು, ಬೇಯಿಸಿದ ಅರಿಶಿನ ಸುಲಿದಂಗೆ ಸುಲೀತಾ ಇದ್ದೀಯ?’ ಎಂದರು. ಚೈತ್ರ ಖಾಲಿ ಟ್ಯೂಬನ್ನು ಕಂಡುಹಿಡಿದು ಹಣೆ ಹಣೆ ಚಚ್ಚಿಕೊಂಡಳು. ‘ನಂಗೆ ಬುದ್ಧಿ ಹೇಳಿ ನೀವು ಮಾಡಿರೋ ಕೆಲ್ಸ ಇದಾ ಅತ್ತೆ?’ ಎಂದು ಶಾಲೆಯ ಮಕ್ಕಳನ್ನು ಬೈಯುವ ಹಾಗೆ ಬೈದು, ತನ್ನ ಸಾದಾ ಕ್ರೀಮನ್ನು ತಂದು ನನ್ನ ಮುಖಕ್ಕೆ ಮೆತ್ತಗೆ ಸವರಿದಳು. ಅಂದಿನಿಂದ ಅತ್ತೆ ಸೊಸೆ ಇಬ್ಬರಿಗೂ ಒಂದೇ ಡಬ್ಬಿ.

ಸೀಮಂತದ ದಿನ ಸುಂದರಮ್ಮನ ಸವಾರಿ ಬಂದಿಳಿಯಿತು. ನಾನು ಮನೆದೇವರನ್ನು ನೆನೆದು ಬಾಗಿಲಲ್ಲಿ ನಿಂತೆ. ಅವರು ಮಗಳ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ‘ಥೂ, ಇದಕ್ಕಾ ಫ್ಯಾನ್ ತೋರುಸ್ತಿದ್ದುದ್ದು? ನೀನು ಹೊಟ್ಟೇಲಿದ್ದಾಗ ನಂಗೂ ಇಂಗೇ ಎದ್ದಿದ್ವು ಕಣಮ್ಮಿ. ಹೆತ್ಮೇಲೆ ಹೊಂಟೋದ್ವು’ ಎಂದರು. ಇಷ್ಟು ತಿಂಗಳು ನಾನು ಹೊತ್ತ ಚಿಂತೆ ಅವರ ಒಂದು ಥೂ ಎನ್ನುವುದರೊಳಗೆ ಮುಗಿಯಿತು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ‘ಅಯ್ಯೋ ಬೀಗ್ರೇ!’ ಎಂದರು. ಬೀದಿಯ ಕೊನೆಯಲ್ಲಿ ಯಾರೋ ತಿರುಗಿ ನೋಡಿದರು. ‘ಏನ್ ಬೀಗ್ರೇ ಇಂಗಾಗೋಗಿದ್ದೀರಿ! ಒಲೆ ಮುಂದೆ ಬೆಂದು ಬೆಂದು ಮೊಖ ನೋಡಿ ಎಂಗಾಗದೆ! ನನ್ ಮಗಳ್ಗೆ ಒಂದ್ ಕಡ್ಡಿ ಎತ್ತಾಕೂ ಬುಟ್ಟಿಲ್ಲ ಅನ್ನಿ. ನೋಡ್ರವ್ವಾ, ಅತ್ತೆ ಅಂದ್ರೆ ಇಂಗಿರಬೇಕು!’ ಚೈತ್ರ ಬಾಯಿ ತೆರೆದಳು. ನಾನು ಸೆರಗಿನ ಮರೆಯಲ್ಲಿ ಅವಳ ಕೈಯನ್ನು ಒತ್ತಿದೆ. ಒಳ್ಳೆಯ ಹುಡುಗಿ, ಬಾಯಿ ಮುಚ್ಚಿದಳು.

ಚೈತ್ರಳ ಕೆನ್ನೆಗೆ ಯಾರೂ ಅರಿಶಿನ ಹಚ್ಚಬಾರದು, ಕೈಗೆ ಕಾಲಿಗೆ ಮಾತ್ರ ಎಂದು ನಾನು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ. ಬೀಗಿತ್ತಿಯ ಕಡೆಯವರು ಒಪ್ಪಿದರು; ಸೊಸೆಯ ಪಾಲನ್ನೂ ಸೇರಿಸಿ ನನ್ನ ಕೆನ್ನೆಗೆ ಬಳಿದರು. ಉರಿಗೆ ನನ್ನ ಕಣ್ಣಲ್ಲಿ ನೀರು ದಳದಳ ಇಳಿಯಿತು. ‘ಸೊಸೆ ಹೊಂಟೋಯ್ತಾಳೆ ಅಂತ ಎಂಗೆ ಅಳ್ತಾರೆ ನೋಡಿ’ ಎಂದು ಸುಂದರಮ್ಮನೂ ಕಣ್ಣೊರೆಸಿಕೊಂಡರು. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಂಜೆ ಗಾಡಿ ಹೊರಟಾಗ ಉರಿ ಆರಿತ್ತು; ಕಣ್ಣೀರು ಮಾತ್ರ ನಿಂತಿರಲಿಲ್ಲ.

ಈಗ ಚೈತ್ರ ತವರಿನಲ್ಲಿ ಸುಖವಾಗಿದ್ದಾಳೆ, ಮೊಡವೆಯೂ ಒಂದಿಷ್ಟು ಇಳಿದಿದೆ. ತಾಪತ್ರಯ ಇರುವುದು ನನ್ನ ಮುಖದ್ದು. ಸಿಪ್ಪೆಯೆಲ್ಲ ಉದುರಿದ ಮೇಲೆ ಒಳಗಿನಿಂದ ಹೊಸ ಚರ್ಮ ಬಂದು, ಮದುವೆಯಲ್ಲೂ ಇಲ್ಲದ ನುಣುಪು ಕೆನ್ನೆಗೆ ಬಂದುಬಿಟ್ಟಿದೆ. ಮೊನ್ನೆ ಗೌರಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ, ‘ಅಲ್ಲ, ಸೊಸೆ ಅತ್ಲಾಗೆ ಓಗಿದ್ದೇ ತಡ, ನಿಮ್ ಮೊಖ ಎಂಗ್ ಹೊಳೀತದೆ ಅಂತೀನಿ!’ ಎಂದಳು. ಕಷ್ಟಪಟ್ಟು ಸಿಪ್ಪೆ ಸುಲಿಸಿಕೊಂಡು ಸಂಪಾದಿಸಿದ ಒಳ್ಳೆಯ ಅತ್ತೆಯ ಹೆಸರು ಈ ಹೊಳಪಿನಿಂದ ಮಣ್ಣುಪಾಲಾಗುವುದೇ?

ಇದೀಗ ಗುಂಡ್ಲುಪೇಟೆಯಿಂದ ವೀಡಿಯೋ ಕಾಲ್ ಬಂದಿತ್ತು. ‘ಬೀಗ್ರೇ, ಬರೀ ಫ್ಯಾನ್ ಕಾಣ್ತದಲ್ಲ, ನೀವೆಲ್ಲಿದ್ದೀರಿ?’ ಎಂದು ಸುಂದರಮ್ಮ ಕೂಗುತ್ತಿದ್ದರು. ಪಕ್ಕದಲ್ಲಿ ಚೈತ್ರ ಬಿದ್ದು ಬಿದ್ದು ನಗುತ್ತಿರುವುದು ಕೇಳಿಸಿತು. ‘ನೆಟ್‌ವರ್ಕ್ ಸರಿ ಇಲ್ಲ ಬೀಗ್ರೇ’ ಎಂದೆ.