ಸುಳಿ ನೋಡಿ ತಂದ ಗುಂಡು

ಬೇರೆಯವರಿಗೆ ವರ್ಷಕ್ಕೊಂದು ಎಡವಟ್ಟಾದರೆ ನನಗೆ ವಾರಕ್ಕೊಂದು. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ, ಅದೇ ನನ್ನ ಮನೆ ಕೇಳಿಕೊಂಡು ಬರುತ್ತದೆ. ನಾನು ನೋಡಿಕೊಳ್ಳುವುದು ಬೌಲಿಂಗ್ ಆಟದ ಜಾಗ. ಕ್ರಿಕೆಟ್ ಬೌಲಿಂಗ್ ಅಲ್ಲ ಸ್ವಾಮಿ. ಉದ್ದಕ್ಕೆ ನುಣ್ಣನೆಯ ಹಲಗೆ ಹಾಸಿದ ಲೇನು, ಆ ತುದಿಯಲ್ಲಿ ಹತ್ತು ಪಿನ್ನು. ಈ ತುದಿಯಿಂದ ತೂತಿಗೆ ಬೆರಳು ತೂರಿಸಿ ಭಾರದ ಗುಂಡು ಉರುಳಿಸಿ ಅವನ್ನು ಕೆಡವಬೇಕು. ಶ್ರೀರಂಗಪಟ್ಟಣದಿಂದ ಬೆಳಗೊಳದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಯಜಮಾನರ ಹೋಟೆಲು, ಅದರ ಹಿಂದೆ ಇಂಥ ಎರಡು ಲೇನು. ಯಜಮಾನರು ಕೆ.ಆರ್. ಪೇಟೆ ಕಡೆಯ ಜಮೀನಿನವರು, ದನ ಕಟ್ಟಿ ಹಾಲು ಹಾಕಿ ಮೇಲೆ ಬಂದವರು. ದನದ ವಿಷಯ ಬಿಟ್ಟರೆ ಬೇರೆ ಯಾವುದರಲ್ಲೂ ಅವರಿಗೆ ಯಾರ ಮೇಲೂ ನಂಬಿಕೆಯಿಲ್ಲ, ನನ್ನ ಮೇಲಂತೂ ಮೊದಲೇ ಇಲ್ಲ.

ಎಣ್ಣೆ ಕಾಣದ ನೆಲ

ಈ ಲೇನುಗಳಿಗೆ ತೆಳ್ಳಗೆ ಎಣ್ಣೆ ಸವರಬೇಕು. ಆಗ ಗುಂಡು ಜಾರಿಕೊಂಡು ಹೋಗಿ ಕೊನೆಯಲ್ಲಿ ತಿರುಗುತ್ತದೆ. ಯಜಮಾನರಿಗೆ ಹೇಳಿದೆ.

“ನೆಲಕ್ಕೆ ಎಣ್ಣೆನಾ? ತಲೆಗೆ ಹಚ್ಕಳಕ್ಕೇ ನಂಗೆ ಬಿಡುವಿಲ್ಲ. ಬಂದೋರು ಜಾರಿ ಬಿದ್ದು ಸೊಂಟ ಮುರ್ಕಂಡ್ರೆ ನಿಮ್ಮಪ್ಪ ಬತ್ತಾನಾ ಆಸ್ಪತ್ರೆಗೆ?” ಅಂದರು.

ಅಲ್ಲಿಗೆ ಮುಗೀತು. ಲೇನು ಒಣಗಿ ಖಡಕ್ ಆಯಿತು. ಉರುಳಿಸಿದ ಗುಂಡು ಅರ್ಧ ದಾರಿಯಲ್ಲೇ ಗಕ್ಕನೆ ತಿರುಗಿ ಪಕ್ಕದ ಚರಂಡಿಗೆ ಬೀಳತೊಡಗಿತು.

ಒಂದು ಸಲ ತೊಣ್ಣೂರಿಂದ ಗಂಡ ಹೆಂಡತಿ ಬಂದರು. ಆಯಮ್ಮ ನಾನು ಕೊಟ್ಟ ಶೂ ಮುಟ್ಟಲೇ ಇಲ್ಲ. “ಇಂಥ ಚೆಂದದ ನೆಲಾನ ಮೆಟ್ಟು ಹಾಕ್ಕಂಡು ತುಳಿಯದಾ ಮಗಾ?” ಅಂತ ಬರಿಗಾಲಲ್ಲೇ ನಿಂತು, ಸೆರಗು ಸಿಗಿಸಿ ಗುಂಡು ಬಿಟ್ಟರು. ಅದು ನೆಟ್ಟಗೆ ಹೊರಟು ನಡುವೆ ಚರಂಡಿಗೆ ಹೊರಳಿತು. ಆಯಮ್ಮನಿಗೆ ಸಿಟ್ಟೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. “ಇದೂ ನಮ್ಮನೆಯೋರಂಗೇ ಕಣಪ್ಪ. ಸೀದಾ ಡೈರಿಗೆ ಹೋಗಿ ಬನ್ನಿ ಅಂತ ಕಳ್ಸುದ್ರೆ ಅರ್ಧ ದಾರೀಲಿ ಬಾರ್ ಕಡೆ ತಿರಿಕತ್ತದೆ” ಅಂದರು. ಗುಂಡು ಹಿಡಿದು ಎದ್ದಿದ್ದ ಗಂಡ ಅದನ್ನು ಮೆಲ್ಲಗೆ ಕೆಳಗಿಟ್ಟು ಹೋಗಿ ಕುರ್ಚಿಯಲ್ಲಿ ಕೂತರು.

ಗೆಲ್ಲು, ಸೋಲು

ಯಜಮಾನರ ಮಗಳನ್ನು ಕೊಟ್ಟಿರುವುದು ನಾಗಮಂಗಲಕ್ಕೆ. ಆ ಬೀಗರು ಮೈಸೂರಿಗೆ ಹೋಗಿ ಹೋಗಿ ಈ ಆಟ ಕಲಿತಿದ್ದರು. ಒಂದು ಭಾನುವಾರ ಬಂದವರು ನನ್ನ ಜೊತೆ ಆಡಿ ಸೋಲಿಸಿ, ಊಟಕ್ಕೆ ಕೂತು ಎಲ್ಲರೆದುರಿಗೆ ಹೇಳಿದರು: “ಬೀಗ್ರೇ, ನಿಮ್ಮ ನೆಲನೂ ಒಣ, ನಿಮ್ಮುಡುಗನ ಆಟನೂ ಒಣ. ಕಿತ್ತಾಕಿ ಊಟದ ಹಾಲ್ ಮಾಡ್ಸಿ, ನಾಲ್ಕು ಜನ ಉಂಡಾದ್ರೂ ಹೋಗ್ತಾರೆ.”

ಯಜಮಾನರ ಮುಖ ಕೆಂಡವಾಯಿತು. ಸಂಜೆ ನನ್ನನ್ನು ಕೊಟ್ಟಿಗೆ ಹಿಂದಕ್ಕೆ ಕರೆದರು. “ಬರೋ ತಿಂಗಳು ಬೀಗರು ಮತ್ತೆ ಬತ್ತಾವ್ರೆ. ಗೆದ್ದೆಯೋ, ಲೇನು ಉಳೀತು. ಸೋತೆಯೋ, ಮಾರನೇ ದಿನವೇ ಹಲಗೆ ಕೀಳಿಸ್ತೀನಿ, ನೀನು ಊಟದ ಹಾಲಲ್ಲಿ ಎಂಜಲೆಲೆ ಎತ್ತು” ಅಂದರು.

ನನ್ನ ಜೀವ ಬಾಯಿಗೆ ಬಂತು. ಈ ಕೆಲಸ ಬಿಟ್ಟರೆ ನನಗೆ ಇನ್ನೊಂದು ಗೊತ್ತಿಲ್ಲ.

ಒಳಗೆ ಹೋದರೆ ಯಜಮಾನಿ ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. “ಬೀಗರನ್ನ ನಮ್ಮನೆಗೆ ಕರ್ಸಿ ಸೋಲ್ಸದು ಉಂಟೇನೋ? ಆ ಸಿಟ್ಟೆಲ್ಲ ನನ್ ಮಗಳ ಮೇಲೆ ಬೀಳ್ತದೆ. ನಿನ್ ದಮ್ಮಯ್ಯ, ಸೋತ್ಬುಡು” ಅಂದರು.

ಗಂಡ ಗೆಲ್ಲು ಅಂತಾರೆ, ಹೆಂಡತಿ ಸೋಲು ಅಂತಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಬ್ಬರೂ ಒಂದೇ ಮಾತಾಡಿದ್ದು ಆವತ್ತೇ ಇರಬೇಕು: “ನಾನು ಇಂಗಂದೆ ಅಂತ ಅವ್ರಿಗೆ ಹೇಳ್ಬ್ಯಾಡ.”

ಸುಳಿ

ಗೆಲ್ಲಬೇಕಾದರೆ ಒಳ್ಳೆ ಗುಂಡು ಬೇಕು ಅಂದೆ. ಯಜಮಾನರೇ ಮೈಸೂರಿನ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯವನು ಕೇಳಿದ, “ಲೇನಲ್ಲಿ ಎಣ್ಣೆ ಎಷ್ಟಿರುತ್ತೆ?”

“ಒಗ್ಗರಣೆಗೂ ಇಲ್ಲ” ಅಂದೆ.

“ಹಾಗಾದ್ರೆ ಯುರೇಥೇನ್ ಗುಂಡು ತಗೊಳ್ಳಿ. ಪ್ಲಾಸ್ಟಿಕ್ಕಿನದು ತಿರುಗೋದೇ ಇಲ್ಲ. ರೆಸಿನ್ನಿಂದು ಒಣ ನೆಲ ಕಂಡ್ರೆ ಹುಚ್ಚು ಹಿಡಿದಂಗೆ ತಿರುಗುತ್ತೆ. ಇದು ಹದವಾಗಿ, ಹೇಳಿದ ಮಾತು ಕೇಳ್ಕೊಂಡು ತಿರುಗುತ್ತೆ.”

ನನಗೆ ಅಷ್ಟು ಸಾಕಾಗಿತ್ತು. ಯಜಮಾನರಿಗೆ ಸಾಕಾಗಲಿಲ್ಲ. ಅವರು ಗುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕರುವಿನ ಮೈ ಸವರಿದ ಹಾಗೆ ಸವರಿ, ಸುತ್ತ ತಿರುಗಿಸಿ ನೋಡಿದರು. ಈ ಗುಂಡುಗಳ ಮೇಲೆ ಎರಡು ಬಣ್ಣ ಕಲೆಸಿ ಸುರುಳಿ ಸುರುಳಿಯಾಗಿ ಬಿಟ್ಟಿರುತ್ತಾರೆ.

“ಇದು ಬ್ಯಾಡ. ಕೆಟ್ಟ ಸುಳಿ” ಅಂದರು, ದನ ಕೊಳ್ಳುವಾಗ ಮೈಮೇಲಿನ ಕೂದಲ ಸುಳಿ ನೋಡಿ ಶುಭ ಅಶುಭ ಹೇಳುವ ಹಾಗೆ.

“ಸಾರ್, ಅದು ಬರೀ ಡಿಸೈನು.”

“ಎತ್ತು ಮಾರೋರೂ ಇಂಗೇ ಹೇಳದು. ಮುಂದ್ಲುದು ತೆಗಿ.”

ಅಂಗಡಿಯಲ್ಲಿದ್ದ ಯುರೇಥೇನ್ ಗುಂಡುಗಳೆಲ್ಲ ಒಂದೊಂದಾಗಿ ಕೆಳಗೆ ಬಂದವು. ಒಂದರ ಸುಳಿ ಮನೆ ಯಜಮಾನನಿಗೆ ಆಗದು, ಇನ್ನೊಂದರದು ಕೊಟ್ಟಿಗೆಗೆ ಆಗದು. ಕೊನೆಗೆ ನೀಲಿ ಗುಂಡೊಂದರ ಮೇಲೆ ಕೈಯಿಟ್ಟು, “ನೋಡ್ಲಾ, ಹಣೆ ಮೇಲೆ ರಾಜಸುಳಿ! ಇದನ್ನ ಕಟ್ಟು” ಅಂದರು. ಗುಂಡಿಗೆ ಹಣೆ ಯಾವ ಕಡೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಅಷ್ಟು ಹೊತ್ತೂ ಮುಸಿಮುಸಿ ನಗುತ್ತಿದ್ದ ಅಂಗಡಿಯವನು ನಾವು ಹೊರಡುವಾಗ ಬಾಗಿಲವರೆಗೂ ಬಂದ. ಕಂಕುಳಲ್ಲಿ ಮೊದಲನೇ ಗುಂಡಿತ್ತು. “ಸಾರ್, ಇದು ಬಂದಾಗಿಂದ ವ್ಯಾಪಾರವೇ ಇಲ್ಲ. ಇದರ ಸುಳಿಯಿಂದ್ಲೇ ಇರಬಹುದಾ?” ಅಂತ ಮೆಲ್ಲಗೆ ಕೇಳಿದ.

ಉಂಗುರದ ಅಳತೆ

ಗುಂಡಿಗೆ ತೂತನ್ನು ಆಡುವವನ ಬೆರಳಿಗೆ ಸರಿಯಾಗಿ ಕೊರೆಯಬೇಕು. ಅಂಗಡಿಯವನ ಯಂತ್ರ ಕೆಟ್ಟಿತ್ತು. “ನಮ್ಮ ಚಿಕ್ಕಪ್ಪ ಪಾಂಡವಪುರದಲ್ಲಿ ಚಿನ್ನದ ಕೆಲಸ ಮಾಡ್ತಾರೆ, ಬೆರಳಿನ ಅಳತೆ ಅವರಿಗೆ ಬಿಡಿ” ಅಂತ ಜಂಬ ಕೊಚ್ಚಿದ್ದು ನಾನೇ. ಅಳತೆ ಚಿಕ್ಕಪ್ಪನದು, ಕೊರೆಯುವುದು ಬಡಗಿ ಕೆಲಸ ಮಾಡುವ ಅವರ ಮಗನದು ಅಂತಾಯಿತು.

“ಚಿಕ್ಕಪ್ಪ, ಹೆಬ್ಬೆಟ್ಟು ಸಲೀಸಾಗಿ ಆಚೆ ಬರಬೇಕು” ಅಂದೆ.

“ನಂಗೇ ಯೋಳ್ಕೊಡ್ತೀಯೇನ್ಲಾ? ಎಷ್ಟು ಮದುವೆ ಉಂಗುರ ಮಾಡಿಲ್ಲ ಈ ಕೈಲಿ!” ಅಂದು ಅಳತೆ ಉಂಗುರಗಳ ಗೊಂಚಲು ತೆಗೆದು ನನ್ನ ಬೆರಳಿಗೆ ಒಂದೊಂದಾಗಿ ತೂರಿಸಿದರು.

ಅವರ ಕಸುಬೇ ಅದು. ಉಂಗುರ ಗೆಣ್ಣು ದಾಟುವಾಗ ಒಂಚೂರು ಬಿಗಿಯಾಗಬೇಕು, ದಾಟಿದ ಮೇಲೆ ಕೈ ಒದರಿದರೂ ಬೀಳಬಾರದು. ಗುಂಡಿಗೂ ಅದೇ ಲೆಕ್ಕ ಹಾಕಿಬಿಟ್ಟರು. ತೂತಿಗೆ ಹೆಬ್ಬೆಟ್ಟು ಒತ್ತಿದೆ, ಗೆಣ್ಣು ದಾಟಿತು. ಅಷ್ಟೇ. ಎಳೆದರೆ ಗುಂಡೂ ಬಂತು. ಚಿಕ್ಕಮ್ಮ ಸೋಪಿನ ನೀರು ತಂದರು, ಹರಳೆಣ್ಣೆ ತಂದರು. ಬಡಗಿ ತಮ್ಮ ನನ್ನ ಸೊಂಟ ಹಿಡಿದ, ಚಿಕ್ಕಪ್ಪ ಗುಂಡು ತಬ್ಬಿಕೊಂಡರು, ಇಬ್ಬರೂ ಜಗ್ಗಿದರು. “ಅಯ್ಯಯ್ಯಪ್ಪೋ, ಕಿತ್ಕಂಡ್ ಬತ್ತದೆ ಬುಡ್ರೋ!” ಅಂತ ನಾನು ಕಿರುಚುತ್ತಿರುವಾಗ ನಿಶ್ಚಿತಾರ್ಥದ ಉಂಗುರಕ್ಕೆ ಹೇಳಲು ಗಿರಾಕಿಯೊಬ್ಬರು ಒಳಗೆ ಬಂದರು.

ಚಿಕ್ಕಪ್ಪ ಒಂದಿಷ್ಟೂ ನಾಚಲಿಲ್ಲ. ಬೆವರು ಒರೆಸಿಕೊಂಡು, “ನೋಡಿ ಸ್ವಾಮಿ ನಮ್ಮ ಅಳತೆ! ಮೂರು ಜನ ಎಳೆದ್ರೂ ಬರಾಕಿಲ್ಲ” ಅಂದರು.

ಹರಳೆಣ್ಣೆ ಕೆಲಸ ಮಾಡಿ ನನ್ನ ಬೆರಳು ಬಿಟ್ಟುಕೊಂಡಿತು, ತೂತನ್ನೂ ಅರ ಹಾಕಿ ದೊಡ್ಡದು ಮಾಡಿದರು. ಅಷ್ಟರಲ್ಲಿ ಆ ಗಿರಾಕಿ ಹುಡುಗಿಯದರ ಜೊತೆಗೆ ಹುಡುಗನ ಉಂಗುರವನ್ನೂ ಅಲ್ಲೇ ಮಾಡಲು ಹೇಳಿದ್ದರು.

ನಿಂಬೆಹಣ್ಣು

ಬೀಗರು ಬಂದೇಬಿಟ್ಟರು. ಎಡಗಡೆ ಲೇನು ನನಗೆ, ಬಲಗಡೆಯದು ಅವರಿಗೆ. ಯಜಮಾನರು ಮೀಸೆ ಮೇಲೆ ಕೈಯಿಟ್ಟು ಕೂತಿದ್ದರು. ಅಮ್ಮ ಅಡಿಗೆಮನೆ ಬಿಟ್ಟು ಬಂದು, ಪಿನ್ನು ಬಿದ್ದಾಗಲೆಲ್ಲ ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದರು. ಗುಂಡು ಮಾತ್ರ ಬಂಗಾರ. ಬಲಗಡೆ ಅಂಚಿಗೆ ಬಿಟ್ಟರೆ ಸಾಕು, ಒಣ ನೆಲ ಹಿಡಿದುಕೊಂಡು ಹದವಾಗಿ ಎಡಕ್ಕೆ ತಿರುಗಿ ಪಿನ್ನುಗಳ ನಡುವೆ ನುಗ್ಗುತ್ತಿತ್ತು.

ಇಬ್ಬರಿಗೂ ಕೊನೆಯ ಸರದಿ ಬಂತು. ಬೀಗರು ಒಂಚೂರು ಮುಂದಿದ್ದರು. ನಾನು ಹತ್ತೂ ಕೆಡವಿದರೆ ಮತ್ತೆ ಅವರು ನನ್ನನ್ನು ಹಿಡಿಯುವುದು ಕಷ್ಟ. ಅಮ್ಮನ ಕಡೆ ನೋಡಲೇ ಇಲ್ಲ. ತಾಯೀ ಕ್ಷಮಿಸು, ನನ್ನ ಹೊಟ್ಟೆಪಾಡು ನನಗೆ ಅಂದುಕೊಂಡು ಗುಂಡು ಎತ್ತಿದೆ.

“ತಡಿಲಾ!” ಯಜಮಾನರು ಓಡಿ ಬಂದರು. ಕೈಯಲ್ಲಿ ನಿಂಬೆಹಣ್ಣು. “ಹೊಸ ಗಾಡಿ ತಂದ್ರೆ ನಿಂಬೆಹಣ್ಣಿನ ಮೇಲೆ ಹತ್ತುಸ್ತೀವಿ, ಈ ಗುಂಡಿಗೆ ಮಾಡ್ಲೇ ಇಲ್ವಲ್ಲ! ಅದಕ್ಕೇ ಹಿಂದೆ ಬಿದ್ದಿರದು ನಾವು.” ನಾನು ಗುಂಡು ಬಿಡುವ ಅಂಚಿನಲ್ಲೇ ಹಣ್ಣಿಟ್ಟರು.

“ಬ್ಯಾಡಿ ಯಜಮಾನ್ರೇ…”

“ಸುಮ್ಕಿರ್ಲಾ. ಅದ್ರ ಮೇಲೇ ಬುಡು.”

ಬಿಟ್ಟೆ. ಗುಂಡು ನಿಂಬೆಹಣ್ಣು ಹತ್ತಿತು, ಪಚಕ್ಕಂತ ರಸ ಹಾರಿತು. ಗುಂಡು ಚಂಗನೆ ನೆಗೆದು ಚರಂಡಿ ದಾಟಿ ಬಲಗಡೆ ಲೇನಿಗೆ ಬಿತ್ತು. ಬಿದ್ದದ್ದೇ ಒಣ ನೆಲ ಹಿಡಿದುಕೊಂಡು, ನಾನು ಅಂದುಕೊಂಡ ಹಾಗೇ ಹದವಾಗಿ ಎಡಕ್ಕೆ ತಿರುಗಿ, ಬೀಗರ ಹತ್ತೂ ಪಿನ್ನು ಮಲಗಿಸಿತು. ನನ್ನ ಜನ್ಮದಲ್ಲಿ ಅಂಥ ಗುಂಡು ನಾನು ಬಿಟ್ಟಿಲ್ಲ.

ಗುಂಡು ಯಾರದೇ ಇರಲಿ, ಯಾವ ಲೇನಿನ ಪಿನ್ನು ಬಿತ್ತೋ ಆ ಲೇನಿನವರಿಗೇ ಯಂತ್ರ ಲೆಕ್ಕ ಹಾಕುತ್ತದೆ. ಮೇಲಿನ ಪರದೆ ಮೇಲೆ ಬೀಗರ ಹೆಸರು ಮಿಣಮಿಣ ಅಂತು. ಗೆದ್ದವರು ಅವರೇ. ಬೀಗರು ಹಾರಿ ಬಂದು ನನ್ನನ್ನು ತಬ್ಬಿಕೊಂಡು, “ಭಲೇ ಮಗನೇ!” ಅಂದರು. ಅಮ್ಮ ಸೆರಗಿನಲ್ಲಿ ಆನಂದದ ಕಣ್ಣೀರು ಒರೆಸಿಕೊಂಡರು.

ಯಜಮಾನರು ಹಲ್ಲು ಕಚ್ಚಿಕೊಂಡೇ, “ನಾಳೆ ಹಲಗೆ ಕೀಳಿಸ್ತೀನಿ” ಅಂದರು.

“ಎಲ್ಲಾದ್ರೂ ಉಂಟೇ ಬೀಗ್ರೇ! ನಾನು ಗೆದ್ದ ಜಾಗ ಇದು. ಒಂದು ಹಲಗೆ ಅಲ್ಲಾಡಿದ್ರೂ ನಾನು ನಿಮ್ಮನೇಲಿ ನೀರು ಮುಟ್ಟಾಕಿಲ್ಲ” ಅಂದುಬಿಟ್ಟರು ಬೀಗರು. ಮಗಳನ್ನು ಕೊಟ್ಟವರು ಇನ್ನೇನು ಮಾಡಿಯಾರು? ಯಜಮಾನರು “ಆಗ್ಲಿ” ಅಂತ ತಲೆ ಆಡಿಸಿದರು. ನನಗೆ ಹೋದ ಜೀವ ಬಂತು.

ಆದರೆ ಅವರ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ. ನಾನು ಕೆಲಸದವರ ಜೊತೆ ಊಟಕ್ಕೆ ಹೊರಟಾಗ ಗುಡುಗಿದರು: “ಎಲ್ಲಿಗ್ಲಾ? ಗೆಲ್ಸಿದ್ದು ಅವ್ರನ್ನ ತಾನೇ? ಹೋಗು, ಅವ್ರ ಪಂಕ್ತೀಲೇ ಕೂತ್ಕಂಡು ಉಣ್ಣು!”

ತಲೆ ತಗ್ಗಿಸಿಕೊಂಡು ಹೋಗಿ ಬೀಗರ ಪಂಕ್ತಿಯಲ್ಲಿ ಕೂತೆ. ಅಮ್ಮ ತಾವೇ ಬಂದು ಬಡಿಸಿದರು. ಇಷ್ಟು ವರ್ಷ ಆ ಮನೆ ಅನ್ನ ತಿಂದಿದ್ದೀನಿ, ನನ್ನ ಎಲೆಗೆ ಕೋಳಿ ತೊಡೆ ಬಿದ್ದಿದ್ದು ಆವತ್ತೇ ಮೊದಲು.