ಸೂಜಿ ಚುಚ್ಚಿ ಸಭೆ ಕಟ್ಟಿದ ಮಾವ್ಶಿ

ನಮ್ಮ ಕುಟುಂಬದಲ್ಲಿ ಒಬ್ಬರು ಮಿಶನರಿ ಇದ್ದಾರೆ ಎಂದರೆ ನೀವು ನಂಬಲೇಬೇಕು. ಬಿಳಿ ನಿಲುವಂಗಿ, ಉದ್ದ ಗಡ್ಡ, ಕಾಡುಮೇಡು ಎಂದೆಲ್ಲ ಕಲ್ಪಿಸಿಕೊಳ್ಳಲು ಹೋಗಬೇಡಿ. ಇವರ ಕೈಯಲ್ಲಿದ್ದದ್ದು ಇಂಜೆಕ್ಷನ್ ಸೂಜಿ! ಲೋಕದ ಮಿಶನರಿಗಳೆಲ್ಲ ಯೇಸುವಿನ ಹೆಸರನ್ನೇ ಕೇಳದವರನ್ನು ಹುಡುಕಿಕೊಂಡು ಹೋದರೆ, ಇವರು ಹುಡುಕಿದ್ದು ತೊಟ್ಟಿಲಲ್ಲೇ ದೀಕ್ಷಾಸ್ನಾನ ಪಡೆದ ಅಪ್ಪಟ ಕಥೋಲಿಕರನ್ನು. ಕಥೋಲಿಕರನ್ನು ಕಥೋಲಿಕರನ್ನಾಗಿ ಮಾಡುವುದೂ ಒಂದು ಕೆಲಸವೇ ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ. ಆಮೇಲೆ ಹತ್ತಿರದಿಂದ ನೋಡಿದೆ.

ಇವರು ನನ್ನ ಮಾವ್ಶಿ. ನಮ್ಮ ಕೊಂಕಣಿಯಲ್ಲಿ ಅಮ್ಮನ ತಂಗಿಯನ್ನು ಹಾಗೆ ಕರೆಯುತ್ತೇವೆ. ಹೆಸರು ಬರೆಯುವುದಿಲ್ಲ. ಬರೆದರೆ ಇವತ್ತೇ ಫೋನ್ ಮಾಡಿ ನನ್ನ ಜನ್ಮ ಜಾಲಾಡುತ್ತಾರೆ. ಎಂಬತ್ತರ ದಶಕದಲ್ಲಿ ಅವರು ಒಮಾನಿನ ಸೂರ್ ಎಂಬ ಕಡಲ ತೀರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ನನ್ನ ಗಂಡನಿಗೆ ಅದೇ ಊರಿನ ಮೀನಿನ ಕಂಪೆನಿಯೊಂದರಲ್ಲಿ ಕ್ಲಾರ್ಕ್ ಕೆಲಸ. ಮದುವೆಯಾಗಿ ನಾನು ಅಲ್ಲಿಗೆ ಹೋದಾಗ ಕೆಳಗಿನ ಮನೆ ಮಾವ್ಶಿಯದು, ಮೇಲಿನದು ನಮ್ಮದು. ಊರಿನಲ್ಲಿ ಹಡಗು ಕಟ್ಟುವವರಿದ್ದರು, ಮೀನು ಹಿಡಿಯುವವರಿದ್ದರು, ಮನೆಗಿಂತ ಹೆಚ್ಚು ಆಡುಗಳಿದ್ದವು. ಇಗರ್ಜಿ, ಎಂದರೆ ಚರ್ಚು, ಮಾತ್ರ ಇರಲಿಲ್ಲ. ಪಾದ್ರಿಗಳ ಪೂಜೆ ಬೇಕೆಂದರೆ ಗುಡ್ಡ ಹತ್ತಿ ಇಳಿದು ಮಸ್ಕತ್ತಿಗೆ ಹೋಗಬೇಕು. ದಾರಿಯಲ್ಲಿ ಮಳೆನೀರು ಹರಿದರೆ ರಸ್ತೆಯೂ ಇಲ್ಲ, ಪೂಜೆಯೂ ಇಲ್ಲ.

ನಾನು ಹೋದ ಹೊಸತರಲ್ಲೇ ಇಲ್ಲಿ ನಮ್ಮ ಕರಾವಳಿಯ ಊರಿನಲ್ಲಿ ಅಜ್ಜಿ ತೀರಿಕೊಂಡರು. ಮಾವ್ಶಿಗೆ ರಜೆ ಸಿಗಲಿಲ್ಲ. ತಾಯಿಯ ಮುಖ ನೋಡಲಾಗಲಿಲ್ಲ, ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲ. ಕೊನೆಗೆ, ಅಮ್ಮನ ಆತ್ಮಕ್ಕಾಗಿ ತಾನಿರುವ ಊರಿನಲ್ಲಾದರೂ ಒಂದು ಪೂಜೆ ಆಗಬೇಕೆಂದು ಹಟ ಹಿಡಿದು ಮಸ್ಕತ್ತಿನ ಪಾದ್ರಿಗಳ ಮುಂದೆ ಹೋಗಿ ಕುಳಿತರು. ಜೊತೆಗೆ ನಾವಿಬ್ಬರೂ ಇದ್ದೆವು.

ಪಾದ್ರಿಗಳು ನಮ್ಮ ಕರಾವಳಿಯವರೇ, ನಮ್ಮ ಕಡೆಯಂತೆ ಹೆಂಗಸರನ್ನು 'ಬಾಯಿ' ಎಂದು ಕರೆಯುವವರು. ಒಳ್ಳೆಯವರು, ಆದರೆ ಕೆಲಸದ ಭಾರಕ್ಕೆ ದಣಿದಿದ್ದರು.

"ಬಾಯೀ, ಸೂರಿನಲ್ಲಿ ಯಾರಿದ್ದಾರೆ ಹೇಳಿ? ನೀವು, ನಿಮ್ಮ ಅಕ್ಕನ ಮಗಳು, ಅವಳ ಗಂಡ. ಬಾಕಿ ಆಡುಗಳು. ಇಷ್ಟಕ್ಕೆ ನಾನು ಅಲ್ಲಿಯವರೆಗೆ ಬರಬೇಕಾ? ನಿಮ್ಮ ತಾಯಿಗೆ ಇಲ್ಲಿಯೇ ಪೂಜೆ ಇಡುವ."

"ಜನ ಇದ್ದರೆ ಬರ್ತೀರಾ ಫಾದರ್?"

"ಜನ ಇದ್ದರೆ ಖಂಡಿತ ಬರ್ತೇನೆ."

"ಮಾತು ಮಾತೇ ಅಲ್ವಾ?"

ಪಾದ್ರಿಗಳು ನಕ್ಕು ತಲೆಯಾಡಿಸಿದರು. ಪಾಪ, ಯಾರ ಹತ್ತಿರ ಮಾತು ಕೊಟ್ಟೆವೆಂದು ಅವರಿಗೆ ಗೊತ್ತಿರಲಿಲ್ಲ!

ಮರುದಿನದಿಂದಲೇ ಬೇಟೆ ಶುರುವಾಯಿತು. ಮಾವ್ಶಿಯದು ಒಂದೇ ನಿಯಮ: ಈ ದೇಶದವರ ಅನ್ನ ತಿನ್ನುತ್ತೇವೆ, ಅವರ ದೇವರ ವಿಷಯಕ್ಕೆ ಹೋಗಬಾರದು, ನಮ್ಮವರನ್ನು ನಾವು ಸೇರಿಸಿಕೊಂಡರೆ ಸಾಕು. ಸರಿ, ಆದರೆ ನಮ್ಮವರು ಎಲ್ಲಿದ್ದಾರೆ? ಪಕ್ಕಾ ಕಥೋಲಿಕನೂ ವರ್ಷಗಟ್ಟಲೆ ಇಗರ್ಜಿ ಕಾಣದೆ, ರಜೆಯ ಶುಕ್ರವಾರ ಬಂದರೆ ಮಧ್ಯಾಹ್ನದವರೆಗೆ ಮಲಗಿ, ಎದ್ದು ಇಸ್ಪೀಟು ಆಡುವವನಾಗಿದ್ದ. ಹಣೆಯ ಮೇಲೆ ಬರೆದಿರುತ್ತದೆಯೇ?

ಮೊದಲು ಅವರು ಅಂಗಡಿಯಲ್ಲಿ ವಿನೆಗರ್ ಬಾಟಲಿಗಳ ಪಕ್ಕ ನಿಂತು ಕಾದರು. ಮಂಗಳೂರಿನವರಾಗಲಿ ಗೋವಾದವರಾಗಲಿ, ನಮ್ಮವರಿಗೆ ವಿನೆಗರ್ ಇಲ್ಲದೆ ಸಾರು ಇಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಒಬ್ಬ ಬಾಟಲಿಗಳನ್ನು ಬಾಚಿ ಬುಟ್ಟಿಗೆ ಹಾಕಿಕೊಂಡದ್ದೇ ತಡ, ಮಾವ್ಶಿ ಅವನ ದಾರಿಗೆ ಅಡ್ಡ ನಿಂತು, "ಆಪ್ ಕೌನ್ಸಾ ಚರ್ಚ್?" ಎಂದು ಕೇಳಿಯೇ ಬಿಟ್ಟರು. ಆತ ಚಿತ್ತಗಾಂಗಿನ ರಹೀಮ್ ಭಾಯಿ. ವಿನೆಗರ್ ಒಯ್ಯುತ್ತಿದ್ದದ್ದು ಆಫೀಸಿನ ಗಾಜು ಒರೆಸಲಿಕ್ಕೆ! ಆದರೂ ಮಾವ್ಶಿ ಬರಿಗೈಯಲ್ಲಿ ಬರಲಿಲ್ಲ. ತಾನಿರುವ ಕೆಲಸಗಾರರ ಕ್ಯಾಂಪಿನಲ್ಲಿ ಕತ್ತಿನಲ್ಲಿ ಶಿಲುಬೆ ಹಾಕಿಕೊಂಡವನೊಬ್ಬನಿದ್ದಾನೆ ಎಂದು ರಹೀಮ್ ಭಾಯಿಯೇ ತೋರಿಸಿಕೊಟ್ಟ. ನಮ್ಮ ಸಭೆಯ ಮೊದಲ ಸದಸ್ಯನನ್ನು ಹಿಡಿದುಕೊಟ್ಟ ಪುಣ್ಯ ಒಬ್ಬ ಬಂಗಾಳಿ ಮುಸಲ್ಮಾನನದು.

ವಿನೆಗರ್ ಕೈಕೊಟ್ಟ ಮೇಲೆ ಮಾವ್ಶಿ ತನ್ನ ಸ್ವಂತ ಕ್ಷೇತ್ರಕ್ಕೆ ಇಳಿದರು. ಅದೇ ಇಂಜೆಕ್ಷನ್ ಕೋಣೆ.

"ನೋವು ಬಂದಾಗ ಮನುಷ್ಯ ಸುಳ್ಳು ಹೇಳುದಿಲ್ಲ ಮಗಾ," ಎಂದರು ನನಗೆ. "ಸೂಜಿ ಒಳಗೆ ಹೋದ ಕೂಡ್ಲೆ ಬಾಯಿಂದ ಅವನವನ ದೇವರು ಹೊರಗೆ ಬರ್ತಾನೆ."

ಎಷ್ಟು ಸತ್ಯ! ಯಾರು "ಯಾ ಅಲ್ಲಾಹ್" ಎಂದರೋ ಅವರಿಗೆ ಹತ್ತಿ ಒತ್ತಿ ಸಲಾಂ ಹೇಳುವುದು. ಯಾರು "ರಾಮಾ" ಎಂದರೋ ಅವರಿಗೆ ನಮಸ್ಕಾರ. "ಜೆಜು ಮರಿಯೇ!" ಎಂದು ಕೊಂಕಣಿಯಲ್ಲಿ ಕಿರುಚಿದವನ, "ಈಶೋಯೇ!" ಎಂದು ಮಲಯಾಳದಲ್ಲಿ ಕೂಗಿದವನ ಕತೆ ಮುಗಿಯಿತು. ಪ್ಯಾಂಟು ಮೇಲೇರಿಸುವ ಮೊದಲೇ, ಬರುವ ಶುಕ್ರವಾರ ತೇರ್ಸಕ್ಕೆ, ಎಂದರೆ ಜಪಮಾಲೆಗೆ, ಬರುತ್ತೇನೆಂದು ಒಪ್ಪಿಕೊಳ್ಳಬೇಕು. ಗೋವಾದ ಒಬ್ಬ ಫೋರ್‌ಮನ್ ಹಲ್ಲು ಕಚ್ಚಿ ಸುಮ್ಮನಿದ್ದನಂತೆ. ಅವನ ಬಾಯಿಂದ ದೇವರು ಹೊರಡುವವರೆಗೆ ಮಾವ್ಶಿ ಸೂಜಿಯನ್ನು ನಿಧಾನವಾಗಿ ತೆಗೆದರು ಎಂಬ ಆರೋಪವಿದೆ. ಮಾವ್ಶಿ ಇಂದಿಗೂ ಅದನ್ನು ಒಪ್ಪುವುದಿಲ್ಲ, ಅಲ್ಲಗಳೆಯುವುದೂ ಇಲ್ಲ.

ಕೊನೆಗೆ ಡಾಕ್ಟರೇ ಕೇಳಿದರಂತೆ: "ಸಿಸ್ಟರ್, ನಿಮ್ಮ ಪೇಶೆಂಟುಗಳು ಮಾತ್ರ ಯಾಕೆ ಇಷ್ಟು ಬೊಬ್ಬೆ ಹೊಡೀತಾರೆ?"

"ಭಕ್ತಿ ಜಾಸ್ತಿ ಡಾಕ್ಟ್ರೇ!"

ಹೀಗೆ ಸೊಂಟ ಉಜ್ಜಿಕೊಳ್ಳುತ್ತ ಬಂದವರಿಂದಲೇ ನಮ್ಮ ಸಭೆ ಬೆಳೆಯಿತು. ಕೊಲ್ಲಿಯಲ್ಲಿ ರಜೆ ಶುಕ್ರವಾರವಾದ್ದರಿಂದ ನಮ್ಮ ಆದಿತ್ಯವಾರವೂ ಶುಕ್ರವಾರವೇ. ಉಪವಾಸಕಾಲದ ಶುಕ್ರವಾರ ಮಾಂಸ ವರ್ಜ್ಯವಲ್ಲವೇ ಎಂದು ಯಾರೋ ಸಂಶಯ ಎತ್ತಿದಾಗ ಮಾವ್ಶಿ, "ದೇವರಿಗೆ ಕ್ಯಾಲೆಂಡರ್ ನಾನು ವಿವರಿಸ್ತೇನೆ, ನೀನು ಕೋಳಿ ತಿನ್ನು," ಎಂದು ಬಾಯಿ ಮುಚ್ಚಿಸಿದರು. ಬಂದವರು ಓಡಿಹೋಗದಂತೆ ತೇರ್ಸದ ನಂತರ ಸಣ್ಣ ಮತ್ತು ಕೋಳಿಸಾರು. ಸಣ್ಣ ಎಂದರೆ ನಮ್ಮ ಉಬ್ಬಿದ ಇಡ್ಲಿ. ಅದರ ಪರಿಮಳಕ್ಕೆ ತೇರ್ಸದ ಕೊನೆಯ ಭಾಗ ಯಾವಾಗಲೂ ಓಡುತ್ತಿತ್ತು.

ಒಂದು ಶುಕ್ರವಾರ ಮನೆಯ ಮಾಲೀಕರಾದ ಅರ್ಬಾಬ್, ಕೋಲು ಹಿಡಿದು ಬಾಗಿಲಿಗೆ ಬಂದರು. ವಯಸ್ಸಾದ ಒಮಾನಿ. ಮೆಟ್ಟಿಲ ತುಂಬ ಹರಡಿದ್ದ ಚಪ್ಪಲಿಗಳನ್ನು ನೋಡಿ ಮುಖ ಗಂಟಿಕ್ಕಿಕೊಂಡಿದ್ದರು. ನನ್ನ ಗಂಡ ಬೆವರಿಹೋದರು. ಮನೆ ಹೋಯಿತು, ಕೆಲಸ ಹೋಯಿತು, ವೀಸಾ ಹೋಯಿತು, ಖಲಾಸ್!

"ಸಿಸ್ಟರ್," ಎಂದರು ಅರ್ಬಾಬ್ ತಮ್ಮ ಹಿಂದಿಯಲ್ಲಿ, "ಪ್ರತಿ ಜುಮ್ಮಾ ಇಷ್ಟು ಜನ ಬರ್ತಾರೆ, ಊಟ ಮಾಡಿ ಹೋಗ್ತಾರೆ. ಹೋಟೆಲ್ ಲೈಸೆನ್ಸ್ ಎಲ್ಲಿ?"

ಮಾವ್ಶಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಹೋಟೆಲ್ ಅಲ್ಲ ಅರ್ಬಾಬ್, ಪ್ರಾರ್ಥನೆ. ನನ್ನ ತಾಯಿ ತೀರಿಕೊಂಡಿದ್ದಾರೆ. ಅರ್ಬಾಬ್ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ, ತಾಯಿಗಾಗಿ ಪ್ರಾರ್ಥಿಸುವವರನ್ನು ತಡೆಯಲು ನಾನು ಯಾರು, ನಮ್ಮ ನಮಾಜಿನ ಹೊತ್ತಿಗೆ ಸ್ವರ ತಗ್ಗಿಸಿ, ಚಪ್ಪಲಿ ಸಾಲಾಗಿ ಇಡಿ ಎಂದರು. ಕೋಳಿಸಾರು ಕಟ್ಟಿಸಿಕೊಂಡೇ ಹೋದರು ಎನ್ನಿ!

ಇನ್ನು ಹಾಡು. ದೇವರು ಮಾವ್ಶಿಗೆ ಎಲ್ಲ ಕೊಟ್ಟು ಶ್ರುತಿ ಕೊಡುವುದನ್ನು ಮರೆತಿದ್ದ. ಅವರು ಹಾಡಲು ತೊಡಗಿದರೆ ಪಕ್ಕದ ಮನೆಯ ಆಡು ಉತ್ತರ ಕೊಡುತ್ತಿತ್ತು. ಕಡೆಗೆ ಪೇಟೆಯ ಹೋಟೆಲಿನ ಮ್ಯಾನೇಜರ್ ಶೆಟ್ರನ್ನು ಹಿಡಿದರು. ಉಡುಪಿ ಕಡೆಯವರು, ಭಜನೆಗೆ ಹಾರ್ಮೋನಿಯಂ ಬಾರಿಸುವವರು.

"ಎಂತದು ಬಾಯಿ, ನಿಮ್ಮ ಇಗರ್ಜಿ ಪದ್ಯ ನನಗೆ ಬರ್ತದಾ?"

"ನಮ್ಮವರಿಗೂ ಬರುದಿಲ್ಲ ಶೆಟ್ರೇ. ನೀವು ಬಾರಿಸಿ ಸಾಕು."

ಶೆಟ್ರು ಬಾರಿಸಿದರು. ಶಾಂತವಾಗಿ ಹೊರಟ ಕೊಂಕಣಿ ಕೀರ್ತನೆ ಎರಡನೇ ಚರಣದಲ್ಲಿ ವೇಗ ಹಿಡಿದು, ಮೂರನೆಯದರಲ್ಲಿ ಭಜನಾ ಮಂಗಳದ ಹಾಗೆ ಚಪ್ಪಾಳೆಯಲ್ಲಿ ಮುಗಿಯಿತು. ಯಾರಿಗೂ ಬೇಸರವಾಗಲಿಲ್ಲ. ಹಾಗೆಯೇ ಅಭ್ಯಾಸ ಮಾಡಿದೆವು.

ಈಗ ಮಾವ್ಶಿ ಮಸ್ಕತ್ತಿಗೆ ಫೋನ್ ಮಾಡಿ, "ಜನ ಇದ್ದಾರೆ ಫಾದರ್, ಮನೆ ತುಂಬ," ಎಂದರು. ಮಾತಿಗೆ ಕಟ್ಟುಬಿದ್ದು ಪಾದ್ರಿಗಳು ಒಂದು ಶುಕ್ರವಾರ ಬಂದರು. ಮಾವ್ಶಿ ಬಣ್ಣ ಕಟ್ಟಿ ಹೇಳಿದ್ದಾರೆಂದೇ ಅವರ ಎಣಿಕೆ. ಪೂಜೆಯಲ್ಲಿ ಹಂಚುವ ಪರಮಪ್ರಸಾದದ ರೊಟ್ಟಿಯನ್ನು ಅದೇ ಅಂದಾಜಿನಲ್ಲಿ ಸಣ್ಣ ಡಬ್ಬಿಯಲ್ಲಿ ತಂದಿದ್ದರು. ಬಾಗಿಲಲ್ಲಿ ಕಾಲಿಟ್ಟವರು ಅಲ್ಲಿಯೇ ನಿಂತರು. ಕೋಣೆ ತುಂಬಿತ್ತು, ಅಡುಗೆಮನೆ ತುಂಬಿತ್ತು, ಮೆಟ್ಟಿಲ ಮೇಲೂ ಜನ. ಹೊರಗೆ ಚಪ್ಪಲಿಗಳು ಮಾತ್ರ ಅರ್ಬಾಬ್ ಹೇಳಿದಂತೆ ಸಾಲಾಗಿದ್ದವು.

ಅಜ್ಜಿಯ ಹೆಸರು ಓದಿ ಪೂಜೆ ಆರಂಭವಾಯಿತು. ಪರಮಪ್ರಸಾದದ ಹೊತ್ತಿಗೆ ಮಾವ್ಶಿ ಬಾಗಿಲ ಬಳಿ ನಿಂತು ಒಬ್ಬೊಬ್ಬರನ್ನೇ, "ಯಲ್ಲಾ, ಮುಂದೆ ಹೋಗು, ನಾಚಿಕೆ ಎಂತಕ್ಕೆ," ಎಂದು ತಳ್ಳುತ್ತಿದ್ದರು. ಎಷ್ಟೋ ವರ್ಷದಿಂದ ಪ್ರಸಾದ ಕಾಣದವರು ಅತ್ತುಕೊಂಡೇ ಮುಂದೆ ಹೋದರು. ಪಾದ್ರಿಗಳು ರೊಟ್ಟಿಯನ್ನು ಅರ್ಧ ಮಾಡಿದರು. ಅರ್ಧವನ್ನೂ ಮುರಿದರು. ಕೊನೆಕೊನೆಗೆ ಬೆರಳ ತುದಿಗೆ ಅಂಟುವಷ್ಟು ಚೂರು.

ಎಲ್ಲರೂ ಆದ ಮೇಲೆ ಮಾವ್ಶಿ ಬಂದು ಮೊಣಕಾಲೂರಿದರು. ಪ್ರಸಾದಕ್ಕೆಂದು ಉಪವಾಸವಿದ್ದು ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಈ ದಿನಕ್ಕಾಗಿ ಊರೆಲ್ಲ ಅಲೆದವರು. ಪಾದ್ರಿಗಳು ಪ್ರಸಾದದ ಬಟ್ಟಲೊಳಗೆ ನೋಡಿದರು. ಖಾಲಿ.

"ಬಾಯೀ, ನನ್ನನ್ನು ಕ್ಷಮಿಸಿ," ಎಂದರು ಅವರು. "ಇಷ್ಟು ಜನ ಇರ್ತಾರೆಂತ ನಾನು ನಂಬಲಿಲ್ಲ."

ಹಿಂದೆ ಹಾರ್ಮೋನಿಯಂ ನಿಂತುಹೋಯಿತು. ಮಾವ್ಶಿ ತಲೆಯೆತ್ತಿ ಖಾಲಿ ಬಟ್ಟಲನ್ನು ನೋಡಿದರು, ತಿರುಗಿ ಮೆಟ್ಟಿಲವರೆಗೆ ನಿಂತಿದ್ದ ಜನರನ್ನು ನೋಡಿದರು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ಇವರು ನನ್ನ ಮಾವ್ಶಿ ಎಂದು ಆ ಜನರ ನಡುವೆ ಕೂಗಿ ಹೇಳಬೇಕೆನಿಸಿತು. ಅವರ ಕಣ್ಣು ಮಾತ್ರ ಧಾರಾಕಾರ ಸುರಿಯುತ್ತಿತ್ತು.

"ಸಾಲದಿದ್ದದ್ದೇ ಒಳ್ಳೇದಾಯ್ತು ಫಾದರ್," ಎಂದರು. "ಊರಿನಲ್ಲಿ ಅಮ್ಮನ ಮರಣಕ್ಕೂ ಇಷ್ಟು ಜನ ಬಂದಿರಲಿಕ್ಕಿಲ್ಲ."